ಶ್ವಾನಸಹಿತ ಶೈತ್ಯಕಾಲೀನ ಲಘು ಗಿರ್ಯಾರೋಹಣ: ಒಂದು ಬಹುಶಿಸ್ತೀಯ ಮರು-ಅನುಸಂಧಾನ

ಸಾರಲೇಖ

ಪ್ರಸ್ತುತ ಪ್ರಬಂಧವು ಮಾಗಿಯ ಮುಂಜಾವಿನಲ್ಲಿ ನಾಯಿಯೊಂದರ ಜೊತೆ ಚಾಮುಂಡಿ ಬೆಟ್ಟವನ್ನು ನಂದಿಯವರೆಗೆ ಹತ್ತಿ ಇಳಿಯುವ ಕ್ರಿಯೆಯನ್ನು ದೇಹ, ಅವಕಾಶ ಮತ್ತು ಅಧಿಕಾರಗಳ ತ್ರಿಕೋನಾತ್ಮಕ ಸಂಬಂಧದ ನೆಲೆಯಲ್ಲಿ ಮುಖಾಮುಖಿಯಾಗಿಸುವ ಒಂದು ವಿನಮ್ರ ಪ್ರಯತ್ನವಾಗಿದೆ. ಇಲ್ಲಿ ಬೆಟ್ಟವನ್ನು 'ಲಂಬೀಕೃತ ಪಠ್ಯ'ವಾಗಿಯೂ, ಚಳಿಯನ್ನು 'ಅನುಭವದ ಪ್ರತಿರೋಧ'ವಾಗಿಯೂ, ನಾಯಿಯನ್ನು 'ಚತುಷ್ಪಾದೀಯ ಅನ್ಯ'ವಾಗಿಯೂ ಓದಿಕೊಳ್ಳಲಾಗಿದೆ. ನಾಯಿ ಪ್ರಬಂಧಕಾರನನ್ನು ಹೇಗೆ ಓದಿಕೊಂಡಿತು ಎಂಬುದು ಈ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ.

ಕೀಲಿಪದಗಳು: ಶ್ವಾನತ್ವ, ಆರೋಹಣೀಯತೆ, ಹಿಮೇತರ ಶೈತ್ಯ, ಬಾಲಸಂಜ್ಞೆ, ಬಿಸ್ಕತ್ತು.

1. ಪ್ರಸ್ತಾವನೆ

ಬೆಟ್ಟ ಎಂದರೇನು? ಈ ಮೂಲಭೂತ ಪ್ರಶ್ನೆಯನ್ನು ಕೇಳಿಕೊಳ್ಳದೆಯೇ ಬೆಟ್ಟ ಹತ್ತಿ, ಇಳಿದು, ಮನೆಗೆ ಹೋಗಿ ತಿಂಡಿ ತಿನ್ನುವವರ ಸಂಖ್ಯೆ ನಮ್ಮ ನಾಡಿನಲ್ಲಿ ಆತಂಕಕಾರಿ ಪ್ರಮಾಣದಲ್ಲಿದೆ. ನಾಯಿ ಎಂದರೇನು ಎಂಬ ಪ್ರಶ್ನೆಯ ಪಾಡು ಇನ್ನೂ ಶೋಚನೀಯ: ಎದುರಿಗೆ ಬಂದು ಬಾಲ ಅಲ್ಲಾಡಿಸಿದ್ದನ್ನೆಲ್ಲ ನಾಯಿ ಎಂದು ಜನ ಒಪ್ಪಿಬಿಡುತ್ತಾರೆ. ಈ ಪರಿಕಲ್ಪನಾತ್ಮಕ ನಿರ್ವಾತವನ್ನು ತುಂಬುವ ಹೊಣೆ ಪ್ರಬಂಧಕಾರನ ಹೆಗಲೇರಿದೆ. ಆ ಹೆಗಲಿನ ಮೇಲೆ ಹೋದ ಸಂಕಿರಣದಲ್ಲಿ ಹೊದಿಸಿದ ಶಾಲು ಮೊದಲೇ ಇತ್ತು. ಚಳಿಗಾಲವಾದ್ದರಿಂದ ಅದೂ ಒಂದು ಕೆಲಸಕ್ಕೆ ಬಂತು.

ಅಧ್ಯಯನದ ಕ್ಷೇತ್ರವಾಗಿ ಮೈಸೂರಿನ ಚಾಮುಂಡಿ ಬೆಟ್ಟವನ್ನು ಆಯ್ದುಕೊಳ್ಳಲಾಗಿದೆ. ಸಮುದ್ರಮಟ್ಟದಿಂದ 3,489 ಅಡಿ ಎತ್ತರವಿರುವ ಈ ಬೆಟ್ಟದ ಗ್ರಾನೈಟಿಗೆ ಭೂವಿಜ್ಞಾನಿಗಳು ಕೊಡುವ ವಯಸ್ಸು ಸುಮಾರು 80 ಕೋಟಿ ವರ್ಷ. ಅಷ್ಟೂ ಕಾಲ ಅದು ಯಾವ ಸೈದ್ಧಾಂತಿಕ ಆಧಾರವೂ ಇಲ್ಲದೆ ನಿಂತುಕೊಂಡಿರುವುದು ಸೋಜಿಗ. ಮೆಟ್ಟಿಲುಗಳು 17ನೆಯ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಆದವು. ಅವು ಎಷ್ಟು ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಸಾವಿರ ಎನ್ನುವ ಪಂಥವೊಂದು, ಸಾವಿರದ ಎಂಟು ಎನ್ನುವ ಪಂಥವೊಂದು, ಇನ್ನೂ ಮೇಲೆ ಎನ್ನುವ ತೀವ್ರವಾದಿಗಳ ಪಂಥವೊಂದು. ಸರಿಯಾದ ಲೆಕ್ಕ ತಿಳಿದಿರಬಹುದಾದವರು ಮೆಟ್ಟಿಲು ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುತ್ತಾ ಬಗ್ಗಿ ಬಗ್ಗಿ ಹತ್ತುವ ಹರಕೆಯ ಹೆಂಗಸರು. ಅವರನ್ನು ಯಾವ ಸಂಕಿರಣಕ್ಕೂ ಕರೆದಿಲ್ಲ.

ಶೈತ್ಯದ ಬಗ್ಗೆ ಒಂದು ಸ್ಪಷ್ಟೀಕರಣ. ಮೈಸೂರಿನ ಚಳಿ ಹಿಮ ಬೀಳಿಸುವಂಥದ್ದಲ್ಲ. ಡಿಸೆಂಬರ್–ಜನವರಿಯ ಬೆಳಗಿನ ಹೊತ್ತು ಉಷ್ಣಾಂಶ 15–16 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅಷ್ಟಕ್ಕೇ ಊರಿನ ಅರ್ಧ ಗಂಡಸರು ಮಂಕಿ ಕ್ಯಾಪಿನೊಳಗೆ ಮರೆಯಾಗುತ್ತಾರೆ, ಮನೆಗಳಲ್ಲಿ ಅವರೆಕಾಯಿ ಸೊಗಡು ಏಳುತ್ತದೆ, ದೇವಸ್ಥಾನಗಳಲ್ಲಿ ಧನುರ್ಮಾಸದ ಹುಗ್ಗಿ ಹಂಚುತ್ತಾರೆ. ಇದನ್ನು 'ಸಾಂಸ್ಕೃತಿಕವಾಗಿ ನಿರ್ಮಿತವಾದ ಚಳಿ' ಎಂದು ಕರೆಯುವುದು ಸೂಕ್ತ. ನಾಯಿಗೆ ಆಗುವ ಚಳಿ ಮಾತ್ರ ಯಾರೂ ನಿರ್ಮಿಸಿದ್ದಲ್ಲ. ಅದಕ್ಕೆ ನಿಜವಾಗಿಯೂ ಚಳಿಯಾಗುತ್ತದೆ.

2. ಪೂರ್ವಾಧ್ಯಯನಗಳ ಸಮೀಕ್ಷೆ

ಈ ವಿಷಯದಲ್ಲಿ ಗಂಭೀರವಾದ ಅಧ್ಯಯನಗಳು ನಡೆದೇ ಇಲ್ಲ ಎಂದು ಹೇಳುವುದು ಪ್ರಬಂಧಗಳ ವಾಡಿಕೆ. ವಾಡಿಕೆಯನ್ನು ಗೌರವಿಸಿ ಹಾಗೆಂದು ಹೇಳಿ, ಈಗ ನಡೆದಿರುವ ಮೂರನ್ನು ನೋಡೋಣ.

ಮೊದಲನೆಯದು ಮಹಾಭಾರತದ ಮಹಾಪ್ರಸ್ಥಾನಿಕ ಪರ್ವ. ನಾಯಿಯ ಜೊತೆ ಚಳಿಯ ಬೆಟ್ಟ ಹತ್ತಿದ್ದಕ್ಕೆ ನಮಗೆ ಸಿಗುವ ಹಳೆಯ ಸಾಕ್ಷಿ ಧರ್ಮರಾಯ. ಹೆಂಡತಿ, ತಮ್ಮಂದಿರು ಒಬ್ಬೊಬ್ಬರಾಗಿ ಬಿದ್ದುಹೋದ ಮೇಲೂ ಹಿಂದೆ ಹಿಂದೆ ಬಂದ ನಾಯಿಯನ್ನು ಬಿಟ್ಟು ಇಂದ್ರನ ರಥ ಹತ್ತುವುದಿಲ್ಲ ಎಂದವನು ಅವನು. ಆದರೆ ಆ ಆರೋಹಣ 'ಲಘು' ಆಗಿರಲಿಲ್ಲ. ಮೇಲಾಗಿ ಕೊನೆಯಲ್ಲಿ ನಾಯಿಯು ಧರ್ಮದೇವತೆ ಎಂದು ತಿಳಿದುಬಂದು ದತ್ತಾಂಶವೇ ಕೆಟ್ಟುಹೋಯಿತು. ನಮ್ಮ ಅಧ್ಯಯನದ ನಾಯಿ ಕಡೆಯ ಮೆಟ್ಟಿಲಿನವರೆಗೂ ನಾಯಿಯಾಗಿಯೇ ಉಳಿಯುತ್ತದೆ.

ಎರಡನೆಯದು ಮದ್ದೂರಿನ ಕಡೆಯ ಆತಕೂರಿನ ಶಾಸನ, ಕಾಲ ಕ್ರಿ.ಶ. 949–50. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರೂ ಗಂಗರೂ ಸೇರಿ ಚೋಳರನ್ನು ಸೋಲಿಸಿದರು. ಆ ಕಾಳಗದಲ್ಲಿ ಮೆರೆದ ಮಣಲೇರ ಎಂಬ ವೀರನಿಗೆ ಒಡೆಯ ಮೆಚ್ಚಿ, ಏನು ಬೇಕೋ ಕೇಳು ಎಂದ. ಅವನು ಊರು ಕೇಳಲಿಲ್ಲ, ಪದವಿ ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದ. ಮುಂದೆ ಬೆಳತೂರಿನ ಪಶ್ಚಿಮದ ಮೊರಡಿಯಲ್ಲಿ ಆ ಕಾಳಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಅದಕ್ಕಾಗಿ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಕಲ್ಲಿನ ಪೂಜೆಗೆ ಭೂಮಿ ಬಿಟ್ಟರು. ಕಲ್ಲನ್ನು ನೋಡಿಕೊಳ್ಳುವ ಗೊರವ ಪೂಜೆ ಮಾಡದೆ ಉಂಡರೆ ಪಾಪ ಹೊರುತ್ತಾನೆ ಎಂದೂ ಕೆತ್ತಿಸಿದರು. ಇಂದಿನ ಸಂಶೋಧನಾ ಅನುದಾನಗಳಿಗೆ ಈ ಷರತ್ತು ಇಲ್ಲದಿರುವುದು ವಿದ್ವತ್ ಲೋಕದ ಪುಣ್ಯ.

ವಿಧಾನದ ದೃಷ್ಟಿಯಿಂದ ಆತಕೂರಿನ ಶಾಸನ ತೀರಾ ದುರ್ಬಲ. ನಾಯಿಯನ್ನು ಅದು ನಾಯಿ ಎಂದೇ ಕರೆಯುತ್ತದೆ. ಹೆಸರು, ಜಾಗ, ಎದುರಾಳಿ, ಆದದ್ದು ಏನು, ಎಲ್ಲವನ್ನೂ ಕೆಲವೇ ಮಾತಿನಲ್ಲಿ ಮುಗಿಸಿಬಿಡುತ್ತದೆ. ಕಲ್ಲಿನಲ್ಲಿ ಕೆತ್ತುವುದು ಶ್ರಮದ ಕೆಲಸವಾದ್ದರಿಂದ ಕಂಡರಿಸುವವನಿಗೆ 'ಹಿನ್ನೆಲೆಯಲ್ಲಿ', 'ನೆಲೆಯಲ್ಲಿ', 'ದೃಷ್ಟಿಯಿಂದ' ಎಂಬ ಮಾತುಗಳಿಗೆ ಉಳಿ ಎತ್ತಲು ಮನಸ್ಸು ಬಂದಿರಲಿಕ್ಕಿಲ್ಲ.

ಮೂರನೆಯದು ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980). ಹಾರುವ ಓತಿಯನ್ನು ಹುಡುಕುತ್ತಾ ಕಾಡುಬೆಟ್ಟ ಅಲೆಯುವ ತಂಡ ಅದರಲ್ಲಿದೆ. ದೊಡ್ಡ ವಿಜ್ಞಾನಿಯೊಬ್ಬ ಹಳ್ಳಿಯ ಮಂದಣ್ಣನ ಕಣ್ಣನ್ನು ನಂಬಿ ಹೊರಟಿದ್ದಾನೆ. ಕಿವಿ ಎಂಬ ನಾಯಿಯೂ ಉಂಟು. ವಿಜ್ಞಾನಿಯಾದವನು ಜನ ಮಾತಾಡುವ ಭಾಷೆಯಲ್ಲೇ ಮಾತಾಡುವುದರಿಂದ ಇದನ್ನು ವಿದ್ವತ್ ಆಕರವೆಂದು ಪರಿಗಣಿಸಲಾಗದು.

ಮೂರೂ ಆಕರಗಳಿಗೆ ಸಾಮಾನ್ಯವಾದ ದೋಷವೊಂದಿದೆ: ಅವುಗಳಲ್ಲಿ ನಾಯಿ ಇದೆ.

3. ವರ್ಗೀಕರಣ

ವರ್ಗೀಕರಣವಿಲ್ಲದ ಜ್ಞಾನ ಜ್ಞಾನವೇ ಅಲ್ಲ. ಆದ್ದರಿಂದ ಶೈತ್ಯಕಾಲೀನ ಆರೋಹಕರನ್ನು ಮೊದಲಿಗೆ ಹೀಗೆ ವಿಂಗಡಿಸಲಾಗಿದೆ:

ಅ) ಭಕ್ತಾರೋಹಕರು: ಬರಿಗಾಲಿನವರು. ಉಸಿರು ತಿರುಗಿಸಿಕೊಳ್ಳಲು ನಿಂತಾಗಲೂ ದೇವರ ಹೆಸರು ಹೇಳುವುದರಿಂದ ನಿಂತದ್ದು ಗೊತ್ತಾಗುವುದಿಲ್ಲ.

ಆ) ವೈದ್ಯಪ್ರೇಷಿತ ಆರೋಹಕರು: ಸಕ್ಕರೆ, ಬಿಪಿ, ಮೊಣಕಾಲು. ಹತ್ತುವಾಗ ಡಾಕ್ಟರನ್ನೂ ಇಳಿಯುವಾಗ ಮಸಾಲೆದೋಸೆಯನ್ನೂ ನೆನೆಯುವವರು.

ಇ) ಕೈಗಡಿಯಾರ ಆರೋಹಕರು: ಹೆಜ್ಜೆ ಎಣಿಸುವ ಯಂತ್ರ ಕಟ್ಟಿಕೊಂಡವರು. ಮೇಲೆ ಹೋದ ಮೇಲೂ ಊರನ್ನು ನೋಡದೆ ಮಣಿಕಟ್ಟನ್ನೇ ನೋಡುವವರು.

ಈ) ಸ್ವಚಿತ್ರಗ್ರಾಹಿ ಆರೋಹಕರು: ಇವರ ಆರೋಹಣ ನಡೆಯುವುದು ಫೋನಿನಲ್ಲಿ; ಬೆಟ್ಟ ನಿಮಿತ್ತಮಾತ್ರ.

ನಾಯಿಗಳಲ್ಲಿ ಅಗ್ರಗಾಮಿ, ಅನುಗಾಮಿ, ಪಾರ್ಶ್ವಗಾಮಿ ಮತ್ತು ಅಗಾಮಿ (ಚಳಿಗೆ ಎದ್ದೇ ಬಾರದವು) ಎಂದು ನಾಲ್ಕು ಬಗೆ. ನಾಲ್ಕನ್ನು ನಾಲ್ಕರಿಂದ ಗುಣಿಸಿದರೆ 16 ಉಪವರ್ಗಗಳು ದೊರೆಯುತ್ತವೆ. ಅವನ್ನು ಒಂದೊಂದಾಗಿ ನೋಡೋಣ.

ಅ-1) ಭಕ್ತಾರೋಹಕ–ಅಗ್ರಗಾಮಿ: ಪ್ರಸಾದ ಸಿಗುವುದು ಮೇಲೆ ಎಂದು ಬಲ್ಲ ನಾಯಿ. ಅ-2) ಭಕ್ತಾರೋಹಕ–ಅನುಗಾಮಿ: ಕಾಯಿ ಒಡೆಯುವ ತನಕ ತಾಳ್ಮೆ ಇರುವ ನಾಯಿ. ಅ-3) ಭಕ್ತಾರೋಹಕ–ಪಾರ್ಶ್ವಗಾಮಿ: ಮೇಲಿನ ಎರಡರಂತೆಯೇ, ಆದರೆ ಪಕ್ಕದಲ್ಲಿ.

ಇನ್ನು 13 ಉಳಿದಿವೆ. ಬರೆಯಲು ಕೂತವನಿಗೇ ಆಕಳಿಕೆ ಬರುತ್ತಿದೆ. ಯಾರಾದರೂ ಪಿಎಚ್.ಡಿ. ಮಾಡುವವರು ಮುಂದುವರಿಸಿಕೊಳ್ಳಲಿ.

4. ಕ್ಷೇತ್ರಕಾರ್ಯ

ಕ್ಷೇತ್ರಕಾರ್ಯವು ಬೆಳಕು ಹರಿಯುವ ಮುನ್ನ ಬೆಟ್ಟದ ಪಾದದಲ್ಲಿ ಆರಂಭಗೊಂಡಿತು. ಮಂಜು ದಟ್ಟವಾಗಿ ಕವಿದಿತ್ತು. ಅಂದರೆ ದೃಶ್ಯಾಧಾರಿತ ಜ್ಞಾನಮೀಮಾಂಸೆ ಬಿಕ್ಕಟ್ಟಿನಲ್ಲಿತ್ತು. ಚತುಷ್ಪಾದೀಯ ಅನ್ಯವು ಹೂವು ಮಾರುವವಳ ಗೋಣಿಚೀಲದ ಮೇಲೆ ಮೂಗನ್ನು ಬಾಲದೊಳಗೆ ಹುದುಗಿಸಿ ಮಲಗಿತ್ತು. ಪ್ರಬಂಧಕಾರನನ್ನು ಕಂಡು ಎದ್ದು, ಮುಂಗಾಲು ಚಾಚಿ ಮೈಮುರಿದು, ಒಮ್ಮೆ ಮೈ ಒದರಿ, ಎರಡು ಮೆಟ್ಟಿಲು ಹತ್ತಿ ನಿಂತು ತಿರುಗಿ ನೋಡಿತು. ಇದನ್ನು 'ನಾಯಕತ್ವದ ಅಶಾಬ್ದಿಕ ಪ್ರಸ್ತಾವ' ಎಂದು ಗುರುತಿಸಬಹುದು.

ಅನ್ಯದ ಬಣ್ಣ ಕಪ್ಪು. ಎದೆಯಲ್ಲಿ ಬಿಳಿ ಮಚ್ಚೆ. ಹೆಸರು ಹೂವಿನವಳ ಪ್ರಕಾರ ಕರಿಯ, ಚುರುಮುರಿಯವನ ಪ್ರಕಾರ ರಾಜ, ಕಾಲೇಜು ಹುಡುಗರ ಪ್ರಕಾರ ಟಾಮಿ, ಮೂರಕ್ಕೂ ಓಗೊಡುತ್ತದೆ. ಒಂದು ಕಿವಿಯ ತುದಿಯಲ್ಲಿ ಸಣ್ಣ ಕಚ್ಚು. ಸಂತಾನಹರಣ ಚಿಕಿತ್ಸೆ ಆಗಿದೆ, ರೇಬೀಸ್ ಲಸಿಕೆ ಬಿದ್ದಿದೆ ಎಂಬುದಕ್ಕೆ ಬೀದಿನಾಯಿಗಳಿಗೆ ಹಾಕುವ ಗುರುತು ಅದು. ಒಂದೇ ಕತ್ತರಿಯಲ್ಲಿ ಇಷ್ಟು ಮಾಹಿತಿ, ಅದೂ ದೂರದಿಂದಲೇ ಕಾಣುವಂತೆ, ತಿಳಿಸಿಬಿಡುವ ವಿಧಾನ ನಮ್ಮ ಶಿಸ್ತಿಗೆ ಇನ್ನೂ ಬಂದಿಲ್ಲ.

ಸಂದರ್ಶನ (ವಕ್ತೃ: ಹೂವಿನವಳು, ವಯಸ್ಸು ಕೇಳಲು ಧೈರ್ಯವಾಗಲಿಲ್ಲ):

"ಬಿಸ್ಕತ್ತು ತೋರಿಸಿದರೆ ಬರುತ್ತೇನಮ್ಮ ಇದು?"

"ಬಿಸ್ಕತ್ತಿಗೆಲ್ಲ ಬರಾಕಿಲ್ಲ ಸಾ ಅವ್ನು. ಒಬ್ಬರೇ ಹೋಯ್ತಾವ್ರಲ್ಲ ಅಂತ ಜತೆಗೆ ಬತ್ತಾನೆ."

ವಕ್ತೃವಿನ ಹೇಳಿಕೆಯನ್ನು ವಿಶ್ಲೇಷಿಸಲು ಪ್ರಬಂಧಕಾರನು 'ಪ್ರೇರಣೆ–ಪ್ರತಿಫಲ ಮಾದರಿ'ಯನ್ನು ಅನ್ವಯಿಸಲು ಯತ್ನಿಸಿದನು. ಜೇಬಿನಲ್ಲಿದ್ದ ಬಿಸ್ಕತ್ತು ಪೊಟ್ಟಣವನ್ನು ಮೂರನೆಯ ತಿರುವಿನಲ್ಲಿ ಬಿಚ್ಚಿದಾಗ ಕರಿಯ ಒಂದನ್ನು ತಿಂದು, ಉಳಿದದ್ದರ ಕಡೆ ನೋಡದೆ ಮುಂದೆ ಹೊರಟಿತು. ಮಾದರಿ ಅಲ್ಲಿಯೇ ಬಿತ್ತು. ಹೂವಿನವಳ ಮಾತು ನಂದಿಯವರೆಗೂ ನಿಂತಿತು.

ದಾರಿಯಲ್ಲಿ ಕಂಡುಬಂದ ಇನ್ನೊಂದು ಮಹತ್ವದ ವಿದ್ಯಮಾನ. ಅರ್ಧ ದಾರಿಯ ಪೊದೆಯೊಂದರ ಬಳಿ ಕರಿಯ ನಿಂತುಬಿಟ್ಟಿತು. ಬೆನ್ನಿನ ಕೂದಲು ನೆಟ್ಟಗಾಯಿತು. ಗಂಟಲಿನಿಂದ ಗುರ್ ಎಂಬ ಸಣ್ಣ ಸದ್ದು. ಚಾಮುಂಡಿ ಬೆಟ್ಟದ ಕಾಡಿನಲ್ಲಿ ಚಿರತೆಗಳಿವೆ ಎಂಬುದು ಮೈಸೂರಿನವರಿಗೆಲ್ಲ ಗೊತ್ತಿರುವ ಸಂಗತಿ. ನಾಯಿಯ ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕಗಳು 20 ಕೋಟಿಗೂ ಹೆಚ್ಚು. ಮನುಷ್ಯನಲ್ಲಿ 50–60 ಲಕ್ಷ. ಪ್ರಬಂಧಕಾರನ 50–60 ಲಕ್ಷವೂ ಶೀತದಿಂದ ಕಟ್ಟಿಕೊಂಡಿದ್ದವು. ಅವನೂ ನಿಂತನು. ಜ್ಞಾನ ಮತ್ತು ಅಧಿಕಾರದ ಸಂಬಂಧ ಇಲ್ಲಿಯಷ್ಟು ನಿಚ್ಚಳವಾಗಿ ಬೇರೆಲ್ಲೂ ಕಾಣಸಿಗದು: ಜ್ಞಾನ ನಾಯಿಯದು, ಅಧಿಕಾರವೂ ನಾಯಿಯದೇ. ಸ್ವಲ್ಪ ಹೊತ್ತಿನ ಮೇಲೆ ಅದು ಕೂದಲಿಳಿಸಿ ಹೆಜ್ಜೆ ಹಾಕಿತು. ಪ್ರಬಂಧಕಾರ ಪ್ರಶ್ನೆ ಕೇಳದೆ ಹಿಂಬಾಲಿಸಿದನು.

ನಂದಿ ತಲುಪುವಾಗ ಮಂಜು ಹರಿಯತೊಡಗಿತ್ತು. ಒಂದೇ ಬಂಡೆಯಲ್ಲಿ ಕಡೆದ, 15 ಅಡಿ ಮೀರಿದ ಎತ್ತರದ ಆ ಬಸವನ ಕೊರಳಿನ ಗಂಟೆಗಳಿಂದ ಇಬ್ಬನಿ ತೊಟ್ಟಿಕ್ಕುತ್ತಿತ್ತು. ಕೆಳಗೆ ರೇಸ್ ಕೋರ್ಸು, ಆಚೆ ಬೆಳ್ಳಗೆ ಲಲಿತಮಹಲು, ನಡುವೆ ಅಡುಗೆಮನೆಗಳ ಹೊಗೆ. ಕರಿಯ ಬಿಸಿಲು ಬಿದ್ದ ಕಲ್ಲಿನ ಮೇಲೆ ಕೂತಿತು. ಪ್ರಬಂಧಕಾರ ಪಕ್ಕದಲ್ಲಿ ಕೂತನು. ಅದರ ಮೈ ನಡುಗುತ್ತಿತ್ತು. ಸಂಕಿರಣದ ಶಾಲನ್ನು ಇಬ್ಬರಿಗೂ ಆಗುವಂತೆ ಹೊದೆದುಕೊಂಡದ್ದಾಯಿತು. ಈ ಘಟ್ಟದಲ್ಲಿ ಅನ್ವಯಿಸಬಹುದಾದ ಸಿದ್ಧಾಂತ ಯಾವುದೂ ನೆನಪಿಗೆ ಬರಲಿಲ್ಲ. ಬೇಕು ಎಂದೂ ಅನ್ನಿಸಲಿಲ್ಲ.

5. ಅಧ್ಯಯನದ ಮಿತಿಗಳು

ಈ ಅಧ್ಯಯನಕ್ಕೆ ಮಿತಿಗಳು ಹಲವು. ಮುಖ್ಯವಾದದ್ದು, ಪ್ರಬಂಧಕಾರನಿಗೆ ಇಂಥ ಭಾಷೆಯಲ್ಲಿ ಇನ್ನು ಬರೆಯಲು ಆಗದಿರುವುದು. ಯಾಕೆಂದು ಹೇಳುತ್ತೇನೆ.

ಒಂದು ವಿಶ್ವವಿದ್ಯಾಲಯದಲ್ಲಿ ಎರಡು ದಿನದ ರಾಷ್ಟ್ರೀಯ ಸಂಕಿರಣ. ರಾಷ್ಟ್ರ ಎಂದರೆ ಪಕ್ಕದ ಎರಡು ಜಿಲ್ಲೆ. ವಿಷಯ 'ಮಾನವೇತರ ಅಸ್ಮಿತೆಗಳು'. ಬಯಲುಸೀಮೆಯ ಕುರಿಗಾಹಿ ಮನೆಯ ಹುಡುಗಿಯೊಬ್ಬಳು ತನ್ನ ತಾತನ ನಾಯಿಗಳ ಬಗ್ಗೆ ಬರೆದು ತಂದಿದ್ದಳು. ಯಾವ ನಾಯಿ ರೊಪ್ಪದ ಯಾವ ಮಗ್ಗುಲಿಗೆ ಮಲಗುತ್ತದೆ, ಯಾವುದು ತೋಳದ ಬಾಯಿಗೆ ಕಿವಿ ಕೊಟ್ಟು ಮರಿ ಉಳಿಸಿತು, ಮುದಿಯಾದ ನಾಯಿಗೆ ಮಾಗಿಯಲ್ಲಿ ತಾತ ತನ್ನ ಕಂಬಳಿಯ ಅಂಚು ಬಿಟ್ಟುಕೊಡುತ್ತಿದ್ದದ್ದು, ಪ್ರತಿಯೊಂದರ ಹೆಸರು. ಸಭೆ ಮೊದಲ ಸಲ ಫೋನು ಕೆಳಗಿಟ್ಟು ಕೇಳಿತು. ಮುಗಿದ ಮೇಲೆ ವಿಷಯತಜ್ಞರು ಮೈಕು ಎಳೆದುಕೊಂಡರು. "ಮಾಹಿತಿ ಇದೆಯಮ್ಮ. ಥಿಯರಿ ಎಲ್ಲಿದೆ?" ಎಂದರು. ಹುಡುಗಿ ಹಾಳೆ ಮಡಿಸಿಕೊಂಡು ಕೂತಳು.

ಮರುವರ್ಷ ಮತ್ತೊಂದು ಸಂಕಿರಣದಲ್ಲಿ ಅದೇ ಹುಡುಗಿ ಸಿಕ್ಕಳು. ಪ್ರಬಂಧದ ಹೆಸರು 'ಪಶುಪಾಲನಾ ಸಂಕಥನಗಳಲ್ಲಿ ಶ್ವಾನ ಪ್ರತಿನಿಧೀಕರಣದ ರಾಜಕಾರಣ'. ಅದರಲ್ಲಿ ತಾತ ಇರಲಿಲ್ಲ, ತೋಳ ಇರಲಿಲ್ಲ, ಕಂಬಳಿ ಇರಲಿಲ್ಲ. ಒಂದು ನಾಯಿಯ ಹೆಸರೂ ಇರಲಿಲ್ಲ. ಅದೇ ತಜ್ಞರು "ಈಗ ಸರಿಯಾಯಿತು" ಎಂದು ತಲೆದೂಗಿದರು. ಅವಳ ತಪ್ಪೇನೂ ಇಲ್ಲ. ಅವಳಿಗೆ ಕೆಲಸ ಬೇಕು, ಕೆಲಸಕ್ಕೆ ಪದವಿ ಬೇಕು, ಪದವಿಗೆ ಆ ತಲೆದೂಗುವಿಕೆ ಬೇಕು.

ಈ ರೋಗಕ್ಕೆ ವ್ಯವಸ್ಥೆಯೇ ನೀರೆರೆದಿದೆ. 2010ರ ಯುಜಿಸಿ ನಿಯಮಗಳು ಅಧ್ಯಾಪಕರ ನೇಮಕ, ಬಡ್ತಿಗಳಿಗೆ ಎಪಿಐ ಎಂಬ ಅಂಕಗಳ ಲೆಕ್ಕ ತಂದವು. ಮುಂದೆ ನಿಯಮಗಳು ಬದಲಾದರೂ ಎಣಿಸುವ ಚಾಳಿ ಹೋಗಲಿಲ್ಲ. ಹೇಳಲು ಏನೂ ಇಲ್ಲದವರೂ ವರ್ಷಕ್ಕೆ ಇಷ್ಟು ಸಲ ಹೇಳಲೇಬೇಕಾಯಿತು. ಹೇಳಲು ಏನೂ ಇಲ್ಲದಾಗ ಮಾತು ದಪ್ಪವಾಗುತ್ತದೆ. ದಪ್ಪವಾದ ಮಾತನ್ನು ಪಾಂಡಿತ್ಯವೆಂದು ಒಪ್ಪಿಕೊಂಡ ಮೇಲೆ, ತೆಳ್ಳಗೆ, ಕಂಡದ್ದನ್ನು ಕಂಡಂತೆ ಬರೆಯುವವರು ದಡ್ಡರ ಸಾಲಿಗೆ ಸೇರುತ್ತಾರೆ. ಕನ್ನಡದಲ್ಲಿ ಬರೆದೂ ಕನ್ನಡದವರಿಗೆ ಅರ್ಥವಾಗದ ಒಂದು ಗದ್ಯವನ್ನು ನಾವು ಸಾಕುತ್ತಿದ್ದೇವೆ. ಅದರ ಮೇವಿಗೆ ನಮ್ಮ ಮಕ್ಕಳ ಕಣ್ಣು ಕೊಡುತ್ತಿದ್ದೇವೆ.

ಇದರಿಂದ ಯಾರಿಗೇನು ನಷ್ಟ ಎಂದು ಕೇಳಬಹುದು. 2021ರಲ್ಲಿ ಮಳೆಗೆ ಚಾಮುಂಡಿ ಬೆಟ್ಟದಲ್ಲಿ ನಂದಿಗೆ ಹೋಗುವ ರಸ್ತೆ ಕುಸಿಯಿತು. ಲಂಬೀಕೃತ ಪಠ್ಯ ಕುಸಿಯುವುದಿಲ್ಲ, ಬೆಟ್ಟ ಕುಸಿಯುತ್ತದೆ. ನೀರು ಎಲ್ಲಿ ಇಳಿಯುತ್ತದೆ, ಮಣ್ಣು ಎಲ್ಲಿ ಸಡಿಲವಾಗಿದೆ, ಯಾವ ಇಳಿಜಾರಿನಲ್ಲಿ ಕಟ್ಟಬಾರದು ಎಂದು ನೋಡಲು ಬೆಟ್ಟವನ್ನು ಬೆಟ್ಟವಾಗಿ ನೋಡುವವರು ಬೇಕು.

ನಾಯಿಯ ವಿಷಯವೂ ಅಷ್ಟೇ. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಶಾಲೆ, ಕಾಲೇಜು, ಆಸ್ಪತ್ರೆ, ಕ್ರೀಡಾಂಗಣ, ಬಸ್ಸು ಮತ್ತು ರೈಲು ನಿಲ್ದಾಣಗಳ ಆವರಣದಿಂದ ಬೀದಿನಾಯಿಗಳನ್ನು ಹಿಡಿದು ಆಶ್ರಯತಾಣಗಳಿಗೆ ಒಯ್ಯಬೇಕು, ಹಿಡಿದಲ್ಲಿಗೇ ತಂದು ಬಿಡಬಾರದು ಎಂದು ಆದೇಶಿಸಿತು. ಕಚ್ಚಿಸಿಕೊಂಡ ಮಗುವಿನ ತಾಯಿಯ ಮುಂದೆ ನಾಯಿಪ್ರೀತಿಯ ಉಪನ್ಯಾಸ ಮಾಡುವ ಧೈರ್ಯ ನನಗಿಲ್ಲ. ರೇಬೀಸಿನ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿದವರು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಒಂದು ಊರಿನ ನಾಯಿಗಳಲ್ಲಿ ನೂರಕ್ಕೆ 70ಕ್ಕೆ ಲಸಿಕೆ ಹಾಕಿದರೆ ರೋಗದ ಸರಪಳಿ ಕಡಿಯುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಾ ಬಂದಿದೆ. ಪಕ್ಕದ ಗೋವಾದಲ್ಲಿ ಬೀದಿ ಬೀದಿ ಅಲೆದು, ನಾಯಿ ಹಿಡಿದು, ಲಸಿಕೆ ಚುಚ್ಚಿ, ಬರೆದಿಟ್ಟುಕೊಂಡರು. 2021ರಲ್ಲಿ ಅದು ರೇಬೀಸ್ ನಿಯಂತ್ರಿತ ರಾಜ್ಯವೆಂದು ಘೋಷಿಸಿಕೊಂಡಿತು. ಅವರು ಮಾಡಿದ್ದೂ ಸಂಶೋಧನೆಯೇ. ಅದಕ್ಕೆ ಬೇಕಾದದ್ದು ಬಲೆ, ಸೂಜಿ, ಪುಸ್ತಕ, ಪೆನ್ಸಿಲು.

'ಮಾನವೇತರ ಅಸ್ಮಿತೆಗಳು' ಎಂದು ಎರಡು ದಿನ ಮಾತಾಡಿದ ಆ ಸಭೆಯಲ್ಲಿ ನಾನು ಕೇಳಿದೆ: ಈ ಕ್ಯಾಂಪಸ್ಸಿನಲ್ಲಿ ಎಷ್ಟು ನಾಯಿಗಳಿವೆ? ಎಷ್ಟರ ಕಿವಿಯಲ್ಲಿ ಕಚ್ಚು ಇದೆ? ಊಟದ ಹೊತ್ತಾಯಿತು ಎಂದರು. ಊಟದ ಪಂಕ್ತಿಯ ಹಿಂದೆ ಎಲೆ ಕಾಯುತ್ತಾ ಕೂತಿದ್ದ ನಾಯಿಗಳನ್ನು ಅಟೆಂಡರು ಕೋಲು ಹಿಡಿದು ಓಡಿಸುತ್ತಿದ್ದ.

6. ಫಲಿತಗಳು ಮತ್ತು ಶಿಫಾರಸು

ಮೇಲಿನ ಅಧ್ಯಯನದಿಂದ ಹೊರಡುವ ಫಲಿತಗಳು ಇವು. ಚಳಿಗಾಲದ ಬೆಳಿಗ್ಗೆ ಬೆಟ್ಟ ಹತ್ತುವುದು ಒಳ್ಳೆಯದು. ಜೊತೆಗೆ ನಾಯಿ ಇದ್ದರೆ ಇನ್ನೂ ಒಳ್ಳೆಯದು. ನಾಯಿ ನಿಂತಲ್ಲಿ ನಿಲ್ಲಬೇಕು. ಇಷ್ಟಕ್ಕೆ ಇಷ್ಟುದ್ದದ ಪ್ರಬಂಧ ಬೇಕಿರಲಿಲ್ಲ.

ಆತಕೂರಿನ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಸೊತ್ತು. ಅದನ್ನು ಬರೆಸಿದವರಿಗೆ ಸಾಮ್ರಾಜ್ಯಗಳ ಯುದ್ಧವೂ ಗೊತ್ತಿತ್ತು, ನಾಯಿಯ ಹೆಸರೂ ಗೊತ್ತಿತ್ತು. ಎರಡನ್ನೂ ಒಂದೇ ಕಲ್ಲಿನಲ್ಲಿ, ಒಂದೇ ಮರ್ಯಾದೆಯಿಂದ ಬರೆದರು. ಸಾವಿರ ವರ್ಷ ಕಳೆದ ಮೇಲೂ ಕಾಳಿ ಯಾವ ದಿಕ್ಕಿನ ಗುಡ್ಡದಲ್ಲಿ ಸತ್ತಿತು ಎಂದು ನಮಗೆ ಗೊತ್ತು. ನಮ್ಮ ಕಾಲದ ಪ್ರಬಂಧಗಳನ್ನು ಸಾವಿರ ವರ್ಷದ ಮೇಲೆ ಯಾರಾದರೂ ಅಗೆದು ತೆಗೆದರೆ, ನಾವು ನಾಯಿ ಕಂಡಿದ್ದೆವೆಂಬ ಸುಳಿವೂ ಅವರಿಗೆ ಸಿಗುವುದಿಲ್ಲ.

ಆದ್ದರಿಂದ ಮಾರ್ಗದರ್ಶಕರಲ್ಲಿ, ವಿಷಯತಜ್ಞರಲ್ಲಿ ಒಂದೇ ವಿನಂತಿ. ಮುಂದಿನ ಸಲ ಯಾವುದಾದರೂ ಹುಡುಗಿಯೋ ಹುಡುಗನೋ ಮನೆಯ ನಾಯಿಯ ಹೆಸರು ಬರೆದು ತಂದರೆ, ಥಿಯರಿ ಎಲ್ಲಿ ಎಂದು ಕೇಳುವ ಮೊದಲು, ಆ ನಾಯಿ ಈಗ ಹೇಗಿದೆ ಎಂದು ಕೇಳಿ.